ಭಾಗಮ್ಮ ಹೇಳಿದ್ದು ಮೂರೇ ಮಾತು

ಮೂಡಿಗೆರೆ ಪೇಟೆಯಲ್ಲಿ ರೇವಣ್ಣನವರ ಪೇಂಟು ಅಂಗಡಿ ಯಾರಿಗೆ ಗೊತ್ತಿಲ್ಲ ಹೇಳಿ. ಅದರ ಮಹಡಿಯ ಮೇಲೆ ಅವರ ಮಗ ರೇಣುಕಪ್ರಸಾದನ ಆರ್ಕಿಟೆಕ್ಟ್ ಆಫೀಸು ಇದೆ ಅನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ತಪ್ಪು ಜನರದ್ದಲ್ಲ. ಬೂದು ಗೋಡೆಯ ಮೇಲೆ, ಅದಕ್ಕಿಂತ ಒಂದು ಚೂರು ತೆಳುವಾದ ಬೂದು ಬಣ್ಣದಲ್ಲಿ, ಬೆರಳುದ್ದದ ಅಕ್ಷರದಲ್ಲಿ ‘ಆಕಾರ’ ಎಂದು ಬರೆಸಿದ್ದ. ಬಣ್ಣ ಕೂಗಬಾರದು, ಪಿಸುಗುಟ್ಟಬೇಕು ಎಂಬುದು ಅವನ ಸಿದ್ಧಾಂತ. ಅದು ಎಷ್ಟು ಚೆನ್ನಾಗಿ ಪಿಸುಗುಟ್ಟಿತೆಂದರೆ, ಕೊರಿಯರ್‌ನವನು ಮೂರು ವರ್ಷದಿಂದ ಅವನ ಪಾರ್ಸೆಲ್ಲುಗಳನ್ನೆಲ್ಲ ಕೆಳಗಿನ ಅಂಗಡಿಯಲ್ಲೇ ಕೊಟ್ಟು ಹೋಗುತ್ತಿದ್ದ.

ರೇಣುಕಪ್ರಸಾದನಿಗೆ ಆಗ ಮೂವತ್ತೊಂಬತ್ತು. ಅಷ್ಟರಲ್ಲಿ ಅವನು ಈ ಲೋಕಕ್ಕೆ ಕೊಟ್ಟ ಕೊಡುಗೆಯೆಂದರೆ ಎರಡು ಎಸ್ಟೇಟಿನ ಗೇಟು, ಒಂದು ಕಾಂಪೌಂಡು, ಮತ್ತು ದೇವರಮನೆ ರಸ್ತೆಯ ಹೋಂಸ್ಟೇ ಒಂದರ ಶೌಚಾಲಯ. ಆ ಶೌಚಾಲಯದ ಬಾಗಿಲನ್ನು ಗೋಡೆಯ ಜೊತೆ ಒಂದಾಗುವಂತೆ, ಹಿಡಿಕೆಯೂ ಇಲ್ಲದೆ ಮಾಡಿಸಿದ್ದ. ಆಕಾರ ಶುದ್ಧವಾಗಿರಬೇಕಲ್ಲ. ಅವಸರದಲ್ಲಿ ಬಂದ ಪ್ರವಾಸಿಗರು ಗೋಡೆ ತಡಕಾಡುತ್ತ ಕಟ್ಟಡವನ್ನು ಎರಡೆರಡು ಸುತ್ತು ಹಾಕುವುದನ್ನು ನೋಡಲಾರದೆ, ಹೋಂಸ್ಟೇಯವರು ಬಾಣದ ಗುರುತು ಹಾಕಿ ‘ಇಲ್ಲಿ ತಳ್ಳಿ’ ಎಂದು ಕೆಂಪು ಪ್ಲಾಸ್ಟಿಕ್ ಬೋರ್ಡು ನೇತುಹಾಕಿದರು. ಆ ದುಃಖಕ್ಕೆ ಅವನು ಒಂದು ತಿಂಗಳು ಆ ದಾರಿಯಲ್ಲೇ ಓಡಾಡಲಿಲ್ಲ. ಈಗ ಈ ಕಥೆಯನ್ನು ಕೇಳಿದವರಿಗೂ ಕೇಳದವರಿಗೂ ಅವನೇ ಹೇಳಿಕೊಂಡು ನಗುತ್ತಾನೆ ಬಿಡಿ. ಆಗ ನಗುವಷ್ಟು ಬುದ್ಧಿ ಬಂದಿರಲಿಲ್ಲ.

ಹೀಗಿರುವಾಗ ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆಯರ ತರಬೇತಿಯಲ್ಲಿ ಮಾತಾಡಲು ಅವನನ್ನು ಕರೆದರು. ಅಂಗನವಾಡಿ ಗೋಡೆಗೆ ಎಂಥ ಬಣ್ಣ ಬಳಿದರೆ ಮಕ್ಕಳಿಗೆ ಚಂದ ಅಂತ ಒಂದು ಹತ್ತು ನಿಮಿಷ ಹೇಳಿ ಸಾರ್, ಅಂದಿದ್ದರು. ಹತ್ತು ನಿಮಿಷಕ್ಕೆ ಮುಗಿಸುವ ಆಸಾಮಿಯೇ ಅವನು? ‘ಬಣ್ಣ, ಆಕಾರ, ಜಾಗ: ಕಟ್ಟಡ ವಿನ್ಯಾಸದ ಮೂಲತತ್ವಗಳು’ ಎಂದು ಒಂದೂವರೆ ಗಂಟೆ ಬಾರಿಸಿದ. ಗೋಡೆಯ ಕೆಳಭಾಗಕ್ಕೆ ಗಾಢ ಬಣ್ಣ, ಮೇಲೆ ತಿಳಿ ಬಣ್ಣ ಬಳಿದರೆ ಮನೆ ನೆಲಕ್ಕೆ ಗಟ್ಟಿಯಾಗಿ ಕೂತಂತೆ ಕಾಣುತ್ತದೆ ಅಂದ. ಗುಡ್ಡದ ಇಳಿಜಾರಿನಲ್ಲಿ ಕಟ್ಟಡ ಎದ್ದು ನಿಲ್ಲಬಾರದು, ಉದ್ದಕ್ಕೆ ತಗ್ಗಾಗಿ ಮಲಗಬೇಕು ಅಂದ. ಮನೆಯೆಂದರೆ ಗೋಡೆಯಲ್ಲ, ಗೋಡೆಗಳ ನಡುವಿನ ಖಾಲಿ ಜಾಗ, ಅದನ್ನು ಸಿಕ್ಕಲ್ಲೆಲ್ಲ ತುಂಡರಿಸಿದರೆ ಮನೆಯ ಉಸಿರೇ ನಿಂತುಹೋಗುತ್ತದೆ ಅಂದ. ಅರವತ್ತು ಜನರಲ್ಲಿ ನಲವತ್ತು ಜನ ತೂಕಡಿಸಿದರು, ಹತ್ತೊಂಬತ್ತು ಜನ ಫೋನು ನೋಡಿದರು. ಉಳಿದ ಒಬ್ಬಳು ಆರು ಪುಟ ನೋಟ್ಸ್ ಬರೆದುಕೊಂಡಳು.

ಅವಳು ಜಾವಳಿ ಕಡೆಯ ಯಶೋದಾ. ಊಟದ ಹೊತ್ತಿಗೆ ಹತ್ತಿರ ಬಂದು, “ಸಾರ್, ನಮ್ಮವ್ವಂಗೆ ಒಂದು ಮನೆ ಕಟ್ಬೇಕು. ಪ್ಲಾನ್ ಹಾಕ್ಕೊಡ್ತೀರಾ?” ಅಂದಳು.

ಯಶೋದಾಳ ಅವ್ವ ಭಾಗಮ್ಮ ಜಾವಳಿಯ ಮೇಲಿನ ಎಸ್ಟೇಟೊಂದರಲ್ಲಿ ಮೂವತ್ತಾರು ವರ್ಷ ಕಾಫಿ ಕುಯ್ದವಳು. ಮದುವೆಯಾಗಿ ಬಂದಾಗಿನಿಂದ ಅವಳ ಸಂಸಾರವೆಲ್ಲ ಎಸ್ಟೇಟಿನ ಲೈನಿನ ಏಳನೇ ನಂಬರಿನಲ್ಲೇ. ಲೈನೆಂದರೆ ಆಳುಗಳಿಗೆಂದು ಎಸ್ಟೇಟಿನವರು ಕಟ್ಟಿಸಿದ ಉದ್ದನೆಯ ಕಟ್ಟಡ. ಮೇಲೆ ಒಂದೇ ಹೆಂಚಿನ ಮಾಡು, ಮುಂದೆ ಒಂದೇ ಜಗಲಿ, ಸಾಲಾಗಿ ಬಾಗಿಲುಗಳು, ಒಂದೊಂದು ಬಾಗಿಲಿನ ಹಿಂದೆ ಒಂದೊಂದು ಕೋಣೆ, ಒಂದೊಂದು ಸಂಸಾರ. ಈಗ ಭಾಗಮ್ಮನಿಗೆ ಕೆಲಸದಿಂದ ರಿಟೈರ್ ಆಗಿತ್ತು. ಯುಗಾದಿಗೆ ಲೈನು ಬಿಡಬೇಕೆಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬಂದು ಹೇಳಿ ಹೋಗಿದ್ದರು. ಜಾವಳಿ ರಸ್ತೆಯ ಪಕ್ಕ ಒಂದು ಸೈಟು ಮಾಡಿಟ್ಟುಕೊಂಡಿದ್ದಳು. ಅದರಲ್ಲೊಂದು ಮನೆ ಕಟ್ಟಿದರೆ ಅದೇ ಅವಳ ಮೊದಲನೆಯದು, ಕೊನೆಯದು.

ಒಂದು ಭಾನುವಾರ ರೇಣುಕಪ್ರಸಾದ ಕ್ಯಾಮೆರಾ, ಅಳತೆ ಟೇಪು, ಕೈಕಾಗದದ ನೋಟ್‌ಬುಕ್ಕು ಹಿಡಿದು ಲೈನಿಗೇ ಹೋದ. ಹೋದವನು ಅಂಗಳದಲ್ಲೇ ಬೆರಗಾಗಿ ನಿಂತುಬಿಟ್ಟ. ತಗ್ಗಾಗಿ ಉದ್ದಕ್ಕೆ ಮಲಗಿದ ಹೆಂಚಿನ ಮಾಡು. ಒಂದೇ ಅಂತರದಲ್ಲಿ ಕಂಬ, ಬಾಗಿಲು, ಮತ್ತೆ ಕಂಬ, ಬಾಗಿಲು. ಮೇಲೆ ಬಿಳಿ ಸುಣ್ಣ, ಕೆಳಗೆ ಸೊಂಟದವರೆಗೆ ಕೆಮ್ಮಣ್ಣಿನ ಬಣ್ಣದ ಪಟ್ಟಿ. ತಾನು ಭಾಷಣದಲ್ಲಿ ಹೇಳಿದ್ದೆಲ್ಲ ಕಣ್ಣೆದುರಿಗೇ ಇದೆಯಲ್ಲ ಅನ್ನಿಸಿತು. ಮಳೆಗಾಲದ ಕೆಸರು ಸಿಡಿದದ್ದು ಕಾಣದಿರಲಿ ಎಂದು ಯಾವನೋ ಮ್ಯಾನೇಜರು ಡ್ರಮ್ಮುಗಟ್ಟಲೆ ತರಿಸಿ ಬಳಿಸಿದ ಬಣ್ಣ ಅದು. ನಮ್ಮ ಆರ್ಕಿಟೆಕ್ಟರಿಗೆ ಅದರಲ್ಲಿ ನೆಲದ ಸತ್ವ ಕಂಡಿತು. ಜಗಲಿಯ ಮೇಲೆ ನಿಂತಿದ್ದ ಹೆಂಗಸರನ್ನು ಸ್ವಲ್ಪ ಆಚೆ ಸರಿಸಿ ಅರವತ್ತು ಫೋಟೋ ತೆಗೆದ.

ಆಮೇಲೆ ಏಳನೇ ನಂಬರಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು, “ಭಾಗಮ್ಮನವ್ರೇ, ನಿಮ್ಮ ಮನೆ ಹೇಗಿರ್ಬೇಕು ಅಂತ ನೀವೇ ಹೇಳ್ಬೇಕು. ಸಂಕೋಚ ಬೇಡ,” ಅಂದ. ಮನೆಯವರ ಮಾತು ಕೇಳಿಯೇ ವಿನ್ಯಾಸ ಮಾಡುವವನು ತಾನು ಎಂದು ಅವನಿಗೆ ಬಹಳ ಹೆಮ್ಮೆ.

ಭಾಗಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಮಗಳ ಮುಖ ನೋಡಿದಳು. “ನಂಗೆಂತ ಗೊತ್ತಾಗ್ತದೆ ಅಯ್ಯ. ಓದಿದವ್ರು ನೀವು,” ಅಂದಳು. ಮತ್ತೆ ಮತ್ತೆ ಕೇಳಿದ ಮೇಲೆ ಬಾಯಿಬಿಟ್ಟಳು. “ರೋಜಾ ಬಣ್ಣ ಹೊಡಿಸ್ಬೇಕು ಅಂತ ಒಂದು ಆಸೆ. ರಸ್ತೆ ತಿರುವಿಂದ್ಲೇ ಕಾಣ್ಬೇಕು ಅಯ್ಯ, ಅಗೋ ಭಾಗಮ್ಮನ ಮನೆ ಅಂತ.”

ರೇಣುಕಪ್ರಸಾದ ನಸುನಕ್ಕು ನೋಟ್‌ಬುಕ್ಕಿನಲ್ಲಿ ಬರೆದ: ‘ಬೆಚ್ಚನೆಯ ಬಣ್ಣಗಳತ್ತ ಒಲವು.’

“ಹೊರಗಡೆಯಿಂದ ಮೆಟ್ಲು ಇರ್ಬೇಕು, ತಾರಸಿ ಮೇಲೆ ಹತ್ತಕ್ಕೆ. ಇಷ್ಟು ವರ್ಷ ಕೆಳಗೇ ನೋಡ್ಕಂಡು ಕೆಲ್ಸ ಮಾಡಿದ್ದಾಯ್ತು. ಮೇಲೆ ನಿಂತು ಒಂದ್ಸಲ ನೋಡ್ಬೇಕು.”

‘ಪ್ರಕೃತಿಯ ನೋಟಕ್ಕೆ ಹಂಬಲ’ ಎಂದು ಬರೆದ.

ಮೂರನೆಯದನ್ನು ಹೇಳಲು ಭಾಗಮ್ಮ ಸ್ವಲ್ಪ ತಡೆದಳು. “ಒಳಗೊಂದು ರೂಮು. ಅದಕ್ಕೆ ಬಾಗ್ಲು ಇರ್ಬೇಕು. ಚಿಲಕ ಒಳಗಿಂದ ಹಾಕೋ ಹಂಗಿರ್ಬೇಕು. ಒಳಗಿಂದ,” ಎಂದು ಎರಡು ಸಲ ಹೇಳಿದಳು.

ಎರಡು ಸಲ ಹೇಳಿದ ಆ ಮಾತು ಅವನಿಗೆ ತುಂಬ ಹಿಡಿಸಿತು. ‘ಒಳ-ಹೊರಗಿನ ಸಂಬಂಧದ ಬಗ್ಗೆ ಸಹಜವಾದ ಸೂಕ್ಷ್ಮ ಅರಿವು’ ಎಂದು ಬರೆದು ಅಡಿಗೆರೆ ಬೇರೆ ಎಳೆದ. ಏಳುವಾಗ, “ಫೀಸಿನ ಮಾತೆತ್ತಬೇಡಿ, ಇದು ನನ್ನ ಸಂತೋಷಕ್ಕೆ,” ಅಂದ. ಅಲ್ಲಿಗೆ ಭಾಗಮ್ಮನ ಬಾಯಿಗೆ ಬೀಗ ಬಿತ್ತು ನೋಡಿ. ಪುಕ್ಕಟೆ ಮಾಡಿಕೊಡುವವರ ಕೆಲಸಕ್ಕೆ ಇದು ಸರಿಯಿಲ್ಲ, ಅದು ಸರಿಯಿಲ್ಲ ಎಂದು ಹೇಳಲು ಆಗುತ್ತದೆಯೇ?

ಮನೆ ಏಳತೊಡಗಿತು. ಕಟ್ಟುವ ಮೇಸ್ತ್ರಿ ಕೆಂಚಯ್ಯ. ಅವನು ಪ್ಲಾನನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿದ. ಉದ್ದನೆಯ ತಗ್ಗು ಮಾಡು. ಮುಂದೆ ಉದ್ದಕ್ಕೂ ಜಗಲಿ. ಜಗಲಿಗೆ ಒಂದೇ ಅಂತರದಲ್ಲಿ ಮೂರು ಬಾಗಿಲು: ಹಾಲಿಗೊಂದು, ಅಡುಗೆಮನೆಗೊಂದು, ಸಾಮಾನಿನ ಕೋಣೆಗೊಂದು.

“ಸಾರ್, ಒಂದು ಮಾತು. ಇದು ನೋಡಕ್ಕೆ ಲೈನಿನ…”

“ಲಯ. ಅದನ್ನೇ ನಾನು ಹೇಳೋದು ಕೆಂಚಯ್ಯ. ಕಂಬ, ಬಾಗ್ಲು, ಕಂಬ, ಬಾಗ್ಲು. ನಿನಗೆ ಅರ್ಥ ಆಯ್ತಲ್ಲ, ಅಷ್ಟು ಸಾಕು,” ಎಂದು ರೇಣುಕಪ್ರಸಾದ ಅವನ ಹೆಗಲು ತಟ್ಟಿದ.

“ಹಂಗಾದ್ರೆ ಸರಿ ಸಾರ್,” ಎಂದು ಕೆಂಚಯ್ಯ ಕರಣೆ ಎತ್ತಿಕೊಂಡ. ನಲವತ್ತು ಮನೆ ಕಟ್ಟಿದವನು. ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಅವನಿಗೆ ಗೊತ್ತು.

ಹಾಲಿಗೂ ಮಲಗುವ ಜಾಗಕ್ಕೂ ನಡುವೆ ಎದೆಮಟ್ಟದ ಗೋಡೆ ಬಂದು ನಿಂತುಹೋದಾಗ ಯಶೋದಾ ಕೇಳಿದಳು: “ಸಾರ್, ಇದು ಮೇಲೆವರೆಗೂ ಬರಲ್ವಾ? ಬಾಗ್ಲು ಎಲ್ಲಿ ಇಡ್ತಾರೆ?”

“ನಿಮ್ಮ ನೋಟ್ಸ್ ತೆಗೆದು ನೋಡಿ ಯಶೋದಾ. ಜಾಗವನ್ನು ತುಂಡರಿಸಿದ್ರೆ ಏನಾಗ್ತದೆ ಅಂದಿದ್ದೆ?”

ಯಶೋದಾ ನಿಜಕ್ಕೂ ಬ್ಯಾಗಿನಿಂದ ನೋಟ್ಸ್ ತೆಗೆದು ನೋಡಿದಳು. “ಹೌದು ಸಾರ್. ಮನೆಯ ಉಸಿರು ನಿಲ್ತದೆ. ಬರ್ಕೊಂಡಿದೀನಿ,” ಅಂದಳು. ಪಾಪ, ಅವಳ ತಪ್ಪೆಂದರೆ ಗಮನವಿಟ್ಟು ಕೇಳಿದ್ದು, ಅಷ್ಟೇ.

ಭಾಗಮ್ಮ ಎರಡು ದಿನಕ್ಕೊಮ್ಮೆ ಬಂದು ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡುವಳು. ರೇಣುಕಪ್ರಸಾದ ಓಡಿ ಹೋಗಿ, ಇದು ಹೀಗೆ, ಅದು ಹಾಗೆ ಎಂದು ವಿವರಿಸುವನು. ರೋಜಾ ಬಣ್ಣದ ಬದಲು ಅದಕ್ಕಿಂತ ಆಳವಾದ, ಮಣ್ಣಿನ ಕೆಂಪು ಬಳಿಯುತ್ತೇವೆ ಎಂದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗ್ಲಿ ಅಯ್ಯ,” ಅಂದಳು. ನಮ್ಮ ಕಡೆಯಲ್ಲಿ ಹೀಗೆ ತಡೆದು ಹೇಳುವ ‘ಆಗ್ಲಿ’ಗೆ ಒಪ್ಪಿಗೆ ಎಂದು ಅರ್ಥವಿಲ್ಲ. ನಿನ್ನ ಜೊತೆ ವಾದ ಮಾಡುವ ತ್ರಾಣ ನನಗಿಲ್ಲ ಎಂದರ್ಥ. ಮೂಡಿಗೆರೆಯಲ್ಲೇ ಹುಟ್ಟಿ, ಅಂಗಡಿಯ ಗಲ್ಲಾದ ಪಕ್ಕದಲ್ಲೇ ಬೆಳೆದವನಿಗೆ ಅದು ತಿಳಿಯಬೇಕಿತ್ತು. ತಿಳಿಯಲಿಲ್ಲ. ಅದನ್ನು ಮೆಚ್ಚುಗೆ ಎಂದುಕೊಂಡು ರಾತ್ರಿ ಖುಷಿಯಿಂದ ಎರಡು ರೊಟ್ಟಿ ಹೆಚ್ಚು ತಿಂದ.

ಫೆಬ್ರುವರಿಯಲ್ಲಿ ಗೃಹಪ್ರವೇಶ. ಚಿಕ್ಕಮಗಳೂರಿನಲ್ಲಿ ಸಣ್ಣ ಮನೆಗಳ ವಿನ್ಯಾಸದ ಪ್ರದರ್ಶನ ಇತ್ತು. ಅದಕ್ಕೆ ಕಳಿಸಲು ಫೋಟೋ ಬೇಕೆಂದು ರೇಣುಕಪ್ರಸಾದ ಬೆಳಗ್ಗೆಯೇ ಬಂದು ಗೇಟಿನ ಬಳಿ ಕ್ಯಾಮೆರಾ ಹಿಡಿದು ನಿಂತ. ಮೇಲೆ ಬಿಳಿ, ಕೆಳಗೆ ಸೊಂಟದವರೆಗೆ ಕೆಮ್ಮಣ್ಣಿನ ಪಟ್ಟಿ. ಎಳೆ ಬಿಸಿಲಿಗೆ ಮನೆ ನೆಲಕ್ಕೆ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ ಅವನ ಕಣ್ಣಲ್ಲಿ ನೀರೇ ಬಂತು. ಒಳಗೆ ಹಾಲು ಉಕ್ಕಿತು. ಬಂದ ನೆಂಟರಿಗೆ, “ಚಪ್ಪಲಿ ಸ್ವಲ್ಪ ಆಚೆ ಬಿಡಿ, ಜಗಲಿ ಖಾಲಿ ಕಾಣ್ಬೇಕು,” ಎಂದು ಹೇಳಿ ಹೇಳಿ ಅವನ ಗಂಟಲು ಒಣಗಿತು.

ಆಗ ಬಂತು ಜೀಪು. ಕಾಫಿ ಕುಯ್ಲು ಇನ್ನೂ ಮುಗಿದಿರದ ಹೊತ್ತು, ಎಸ್ಟೇಟುಗಳಿಗೆ ಅಸ್ಸಾಮಿನ ಕಡೆಯಿಂದ ಕೆಲಸದವರು ಬರುತ್ತಲೇ ಇದ್ದರು. ಜೀಪು ಓಡಿಸುತ್ತಿದ್ದ ವೀರೇಂದ್ರ ಆ ದಾರಿಗೆ ಹೊಸಬ. ಮನೆಯ ಮುಂದೆ ಗಕ್ಕನೆ ನಿಲ್ಲಿಸಿ, “ಇಳೀರಿ, ಲೈನ್ ಬಂತು,” ಅಂದ. ಹನ್ನೊಂದು ಜನ ಇಳಿದರು. ಚೀಲ, ಚಾಪೆ, ಪ್ಲಾಸ್ಟಿಕ್ ಕೊಡ, ಒಂದು ಕುಕ್ಕರು, ಎಲ್ಲವನ್ನೂ ರೇಣುಕಪ್ರಸಾದ ಅಷ್ಟು ಕಷ್ಟಪಟ್ಟು ಖಾಲಿ ಇರಿಸಿದ್ದ ಜಗಲಿಯ ಮೇಲೆ ಜೋಡಿಸಿದರು. ತಾವೇ ಮೂರು ಬಾಗಿಲಿಗೆ ಮೂರು ಗುಂಪಾದರು. ಒಬ್ಬ ಹೆಂಗಸು ಮೂರನೆಯ ಬಾಗಿಲು ದೂಡಿ ಒಳಗೆ ಇಣುಕಿ, ಪರವಾಗಿಲ್ಲ ಎಂಬಂತೆ ತಲೆಯಾಡಿಸಿದಳು.

ರೇಣುಕಪ್ರಸಾದ ಓಡಿ ಬಂದ. “ಏನ್ರೀ ಇದು, ಇದು ಲೈನಲ್ಲ.”

ವೀರೇಂದ್ರ ಮನೆಯನ್ನು ಮೇಲಿಂದ ಕೆಳಗೆ ನೋಡಿದ. “ಯಾವ ಎಸ್ಟೇಟಿಂದು ಹಾಗಾದ್ರೆ?”

“ಯಾವ ಎಸ್ಟೇಟಿಂದೂ ಅಲ್ಲ. ಇವ್ರ ಸ್ವಂತ ಮನೆ. ಇವತ್ತು ಗೃಹಪ್ರವೇಶ.”

“ಸ್ವಂತ ಮನೆಯಾ?” ವೀರೇಂದ್ರ ಇನ್ನೊಮ್ಮೆ ನೋಡಿದ. ಅವನ ದನಿಯಲ್ಲಿ ಕುಹಕ ಇರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ: “ಮತ್ತೆ ಎಂತಕ್ಕೆ ಸಾರ್ ಹಿಂಗೆ ಕಟ್ಸಿದ್ದು?”

ಬಣ್ಣ, ಆಕಾರ, ಜಾಗಗಳ ಬಗ್ಗೆ ಒಂದೂವರೆ ಗಂಟೆ ಮಾತಾಡಬಲ್ಲವನು ಕ್ಯಾಮೆರಾದ ಲೆನ್ಸಿಗೆ ಮುಚ್ಚಳ ಹಾಕಿದ. ಅಷ್ಟರಲ್ಲಿ ಭಾಗಮ್ಮ ಹೊಸ ಸೀರೆಯಲ್ಲಿ ಹೊರಗೆ ಬಂದಳು. ಜಗಲಿಯ ತುಂಬ ಇದ್ದ ಗಂಟುಮೂಟೆ ನೋಡಿದಳು. ಅವಳಿಗೆ ಎಲ್ಲವೂ ಅರ್ಥವಾಯಿತು.

“ಹೋಗ್ಲಿ ಬಿಡು ಮಾರಾಯ, ನಿಂದೇನೂ ತಪ್ಪಿಲ್ಲ,” ಅಂದಳು ವೀರೇಂದ್ರನಿಗೆ. “ಬೆಳಗ್ಗೆ ಆ ತಿರುವಲ್ಲಿ ಬರುವಾಗ ನಂಗೂ ಹಂಗೇ ಕಾಣ್ತು. ಲೈನ್ ಮೇಲಿದೆ, ಗೇಟು ದಾಟಿ ಎಡಕ್ಕೆ. ದೂರದಿಂದ ಬಂದಿದಾರೆ, ಪಾಯಸ ಕುಡ್ಕಂಡು ಹೋಗ್ಲಿ.”

ಹನ್ನೊಂದು ಜನರನ್ನೂ ಜಗಲಿಯ ಮೇಲೆ ಸಾಲಾಗಿ ಕೂರಿಸಿ ಅವಳೇ ಬಡಿಸಿದಳು. ರೇಣುಕಪ್ರಸಾದನಿಗೆ ನಾಚಿಕೆಯಾಯಿತು. ಸಣ್ಣ ನಾಚಿಕೆಯಲ್ಲ, ಕಿವಿಯ ತುದಿ ಬಿಸಿಯಾಗುವಂಥದ್ದು. ಅವನು ಕ್ಯಾಮೆರಾವನ್ನು ಚೀಲದೊಳಗೆ ಹಾಕಿ, ಪಾಯಸವನ್ನೂ ಕುಡಿಯದೆ, ಯಾರಿಗೂ ಹೇಳದೆ ಸ್ಕೂಟರ್ ಹತ್ತಿದ.

ಒಂದು ವಾರ ಬಿಟ್ಟು ಧೈರ್ಯ ಮಾಡಿ ಮತ್ತೆ ಹೋದ. ಮೂರು ಬಾಗಿಲಿಗೂ ಬೀಗ. ಯಶೋದಾ ಅಂಗನವಾಡಿ ಮುಗಿಸಿ ಬಂದು ತುಳಸಿಗೆ ನೀರು ಹಾಕುತ್ತಿದ್ದಳು.

“ಅಮ್ಮ ಎಲ್ಲಿ?”

“ಲೈನಲ್ಲೇ ಇದಾಳೆ ಸಾರ್. ಗೃಹಪ್ರವೇಶದ ದಿನ ಸಂಜೆ, ಕೋಳಿ ಅಲ್ಲೇ ಉಳಿದಾವೆ ಅಂತ ಹೋದ್ಲು. ಮಾರನೇ ದಿನಾನೂ ಅದೇ ಹೇಳಿದ್ಲು. ಈಗ ಏನೂ ಹೇಳಲ್ಲ, ಸುಮ್ನೆ ಅಲ್ಲೇ ಇದಾಳೆ.” ಯಶೋದಾ ಚೊಂಬು ಕೆಳಗಿಟ್ಟಳು. “ಬೇಜಾರು ಮಾಡ್ಕೋಬೇಡಿ ಸಾರ್. ಲೈನ್ ಬಿಟ್ಟು ಲೈನಿಗೆ ಬರೋದು ಎಂತಕ್ಕೆ, ಅಲ್ಲಾದ್ರೆ ಪಕ್ಕದ ಮನೆಯವ್ರಾದ್ರೂ ಇದಾರೆ ಅಂತಾಳೆ.”

“ಯುಗಾದಿಗೆ ಬಿಡ್ಲೇಬೇಕಲ್ಲ?”

“ಕಳಸದಲ್ಲಿ ಚಿಕ್ಕಮ್ಮನ ಮನೆ ಇದೆ, ಅಲ್ಲಿಗೆ ಹೋಗ್ತಾಳಂತೆ. ಆ ಜೀಪಿನವ್ರು ಮತ್ತೆ ಬಂದಿದ್ರು ಸಾರ್. ಅಸ್ಸಾಮಿನವ್ರಿಗೆ ಇದನ್ನ ಬಾಡಿಗೆಗೆ ಕೊಡ್ತೀರಾ ಅಂತ ಕೇಳಿದ್ರು. ಅವ್ವ ಆಗ್ಲಿ ಅಂದಿದಾಳೆ.”

ಇದು ಯಾವ ಬಗೆಯ ‘ಆಗ್ಲಿ’ ಎಂದು ಈ ಸಲ ಅವನಿಗೆ ಗೊತ್ತಾಯಿತು. ಅವನು ಕಟ್ಟಿದ್ದು ನೋಡಲು ಮಾತ್ರ ಲೈನಾಗಿತ್ತು, ಇನ್ನು ಒಂದೇ ತಿಂಗಳಿಗೆ ನಿಜವಾದ ಲೈನೇ ಆಗಿಬಿಡುತ್ತದೆ.

“ನಂಗೆ ಯಾಕೆ ಮೊದ್ಲೇ ಹೇಳ್ಲಿಲ್ಲ ನೀವು?” ಅಂದ. ಅವನಿಗೇ ಅಳು ಬಂದಂತಾಗಿತ್ತು.

“ಹೇಳಿದ್ವಲ್ಲ ಸಾರ್. ಮೊದ್ಲನೇ ದಿನಾನೇ ಅವ್ವ ಹೇಳಿದ್ಲು. ನೀವು ಬರ್ಕೊಂಡ್ರಿ.”

ಆಫೀಸಿಗೆ ಬಂದು ನೋಟ್‌ಬುಕ್ಕು ತೆಗೆದ. ಒಲವಿದೆ, ಹಂಬಲವಿದೆ, ಸೂಕ್ಷ್ಮ ಅರಿವಿದೆ, ಅಡಿಗೆರೆಯೂ ಇದೆ. ರೋಜಾ ಇಲ್ಲ. ಮೆಟ್ಟಿಲಿಲ್ಲ. ಚಿಲಕವಿಲ್ಲ. ಅವಳು ಹೇಳಿದ್ದೇ ಮೂರು ಮಾತು, ಅದರಲ್ಲಿ ಒಂದೂ ಆ ಪುಟದಲ್ಲಿ ಇರಲಿಲ್ಲ. ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳದೆ ಇರಲು ತಾನು ಐದು ವರ್ಷ ಕಾಲೇಜಿಗೆ ಹೋಗಿ ಕಲಿಯಬೇಕಾಯಿತಲ್ಲ ಎಂದುಕೊಂಡ.

ಮೆಟ್ಟಿಲಿಳಿದು ಅಂಗಡಿಗೆ ಹೋದ. ರೇವಣ್ಣನವರು ಗಲ್ಲಾದಲ್ಲಿ ಕೂತು ಪೇಪರು ಓದುತ್ತಿದ್ದರು.

“ಅಪ್ಪ, ರೋಜಾ ಬಣ್ಣ ಬೇಕು. ಹೊರಗೋಡೆಗೆ.”

ರೇವಣ್ಣನವರು ಕನ್ನಡಕದ ಮೇಲಿಂದ ನೋಡಿದರು. ಗಲ್ಲಾದ ಕೆಳಗಿನಿಂದ ಬಣ್ಣದ ಮಾದರಿಗಳ ಒಂದು ಹಳೆಯ ಶೇಡ್ ಕಾರ್ಡು ತೆಗೆದರು. ಅದರ ಒಂದು ಪುಟದ ಮೂಲೆ ಮಡಿಚಿತ್ತು. ಆ ಪುಟದ ಮೂರನೆಯ ಚೌಕಕ್ಕೆ ಬಾಲ್‌ಪೆನ್ನಿನಲ್ಲಿ ಸುತ್ತು ಹಾಕಿತ್ತು.

“ಭಾಗಮ್ಮಂಗೆ ತಾನೆ? ಜೀಪಿನ ಕಥೆ ಪೇಟೆಗೆಲ್ಲ ಗೊತ್ತಾಗಿದೆ. ಅವ್ಳ ಬಣ್ಣ ಇದು. ಸೈಟು ಮಾಡ್ದಾಗ ಬಂದು, ಇದೇ ಇರ್ಬೇಕು ಅಂತ ಬೆರಳಿಟ್ಟು ತೋರ್ಸಿ ಹೋಗಿದ್ಲು. ನಾಲ್ಕು ವರ್ಷ ಆಯ್ತು. ಮರೀಬಾರ್ದು ಅಂತ ಮಡಿಚಿಟ್ಟೆ.”

“ನಂಗೆ ಹೇಳ್ಬಾರ್ದಿತ್ತಾ?”

“ನೀನೆಲ್ಲಿ ಕೇಳ್ದೆ ಮಾರಾಯ? ಆ ಕೆಮ್ಮಣ್ಣಿನ ಬಣ್ಣ ನನ್ನಂಗಡಿಯಿಂದ್ಲೇ ತಗೊಂಡು ಹೋದೆ. ಮೂವತ್ತು ವರ್ಷದಿಂದ ಅದನ್ನ ಎಸ್ಟೇಟಿನವ್ರು ಬಿಟ್ರೆ ಬೇರೆ ಯಾರೂ ತಗೊಂಡಿದ್ದು ನಾ ಕಾಣೆ. ನಮ್ಮ ಮಗ ಯಾವುದೋ ಎಸ್ಟೇಟಿನ ಕೆಲ್ಸ ಹಿಡಿದ ಅಂದ್ಕೊಂಡು ಖುಷಿ ಪಟ್ಟೆ,” ಎಂದು ರೇವಣ್ಣನವರು ಮತ್ತೆ ಪೇಪರು ಎತ್ತಿಕೊಂಡರು.

ಮಾರನೆಯ ದಿನ ರೇಣುಕಪ್ರಸಾದ ಶೇಡ್ ಕಾರ್ಡು ಹಿಡಿದು ಏಳನೇ ನಂಬರಿಗೆ ಹೋದ. ಈ ಸಲ ಕುರ್ಚಿ ಬೇಡವೆಂದು ಜಗಲಿಯ ಮೇಲೇ ಕೂತ. “ತಪ್ಪು ನಂದು ಭಾಗಮ್ಮ. ಮನೆ ಬಾಡಿಗೆಗೆ ಕೊಡ್ಬೇಡಿ. ಮೂರು ವಾರ ಟೈಮ್ ಕೊಡಿ, ನೀವು ಹೇಳಿದ್ದನ್ನೇ ಮಾಡ್ತೀನಿ. ನನ್ನ ತಪ್ಪಿಗೆ ಖರ್ಚೂ ನಂದೇ. ಇನ್ನೇನಾದ್ರೂ ಇದ್ರೆ ಅದನ್ನೂ ಹೇಳಿ,” ಅಂದ.

ಭಾಗಮ್ಮ ಶೇಡ್ ಕಾರ್ಡಿನ ಮಡಿಚಿದ ಮೂಲೆಯನ್ನು ಬೆರಳಿನಲ್ಲಿ ಸವರಿದಳು. ಬಹಳ ಹೊತ್ತು ಯೋಚಿಸಿ, “ಕಿಟಕಿಗೆ ಗಿಳಿಹಸಿರು,” ಅಂದಳು.

ರೋಜಾ ಗೋಡೆಗೆ ಗಿಳಿಹಸಿರು ಕಿಟಕಿ. ರೇಣುಕಪ್ರಸಾದ ಸ್ವಲ್ಪ ತಡೆದು, “ಆಗ್ಲಿ,” ಅಂದ. ಭಾಗಮ್ಮ ಅವನ ಮುಖ ನೋಡಿ ಸೆರಗು ಅಡ್ಡ ಹಿಡಿಯದೆ ನಕ್ಕಳು.

ಕೆಂಚಯ್ಯ ಮತ್ತೆ ಬಂದ. ಮೂರು ಬಾಗಿಲಿನಲ್ಲಿ ಎರಡನ್ನು ಕಿತ್ತು ಕಿಟಕಿ ಮಾಡಿದ. ಎದೆಮಟ್ಟದ ಗೋಡೆಯನ್ನು ಮಾಡಿನವರೆಗೂ ಏರಿಸಿ ಅದರಲ್ಲಿ ಬಾಗಿಲು ಕೂರಿಸಿದ. ಲಯವೆಲ್ಲ ಎಲ್ಲಿಗೋ ಹೋಯಿತು. ಮೆಟ್ಟಿಲಿನದ್ದೇ ಫಜೀತಿ. ಹೆಂಚಿನ ಮಾಡಿನ ಮೇಲೆ ಯಾರು ಹತ್ತುತ್ತಾರೆ? ಇಡೀ ಮನೆಯಲ್ಲಿ ಸಿಮೆಂಟಿನ ತಾರಸಿ ಇದ್ದದ್ದು ಹಿಂದಿನ ಬಚ್ಚಲುಮನೆಗೆ ಮಾತ್ರ. ಕೊನೆಗೆ ಅದಕ್ಕೇ ಹೊರಗಿನಿಂದ ಹನ್ನೆರಡು ಮೆಟ್ಟಿಲು ಕಟ್ಟಿ, ಸುತ್ತ ಕಂಬಿ ಹಾಕಿದರು. ಬಚ್ಚಲುಮನೆಯ ನೆತ್ತಿಗೆ ಇಷ್ಟು ಗಂಭೀರವಾದ ಮೆಟ್ಟಿಲು ಈ ತಾಲ್ಲೂಕಿನಲ್ಲಿ ಬೇರೆ ಎಲ್ಲೂ ಇರಲಾರದು. ಭಾಗಮ್ಮ ಮೊದಲ ದಿನವೇ ಹತ್ತಿ ನಿಂತು, ದೂರದ ಎಸ್ಟೇಟನ್ನೂ ಅದರ ಲೈನಿನ ಮಾಡನ್ನೂ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಅವಳಿಗೆ ಅಷ್ಟು ಎತ್ತರ ಸಾಕಾಗಿತ್ತು.

ಬಣ್ಣದ ದಿನ ರೇಣುಕಪ್ರಸಾದನೂ ಒಂದು ಬ್ರಷ್ಷು ಹಿಡಿದ. ಕೆಮ್ಮಣ್ಣಿನ ಪಟ್ಟಿ ಮುಚ್ಚಿಹೋಗಲು ಮೂರು ಕೋಟು ಬೇಕಾಯಿತು. ಮನೆ ಪಿಸುಗುಟ್ಟಲಿಲ್ಲ, ಕೂಗಿತು. ರಸ್ತೆಯ ತಿರುವಿನವರೆಗೂ ಕೇಳಿಸುವಂತೆ ಕೂಗಿತು. ಎರಡೇ ದಿನದಲ್ಲಿ ಬಸ್ಸಿನ ಕಂಡಕ್ಟರು ಆ ಸ್ಟಾಪಿಗೆ ‘ರೋಜಾ ಮನೆ’ ಎಂದು ಹೆಸರಿಟ್ಟ. ಮೂರು ವರ್ಷದ ‘ಆಕಾರ’ಕ್ಕೆ ಸಿಗದ ಪ್ರಚಾರ ಎರಡು ದಿನದ ರೋಜಾಕ್ಕೆ ಸಿಕ್ಕಿತ್ತು. ಪ್ರದರ್ಶನಕ್ಕೆ ಅವನು ಏನನ್ನೂ ಕಳಿಸಲಿಲ್ಲ.

ಯುಗಾದಿಗೆ ನಾಲ್ಕು ದಿನ ಮೊದಲು ಭಾಗಮ್ಮ ಪಾತ್ರೆಪಗಡ, ಹಾಸಿಗೆ, ಒಂಬತ್ತು ಕೋಳಿ ಸಮೇತ ಲೈನಿನಿಂದ ಇಳಿದು ಬಂದಳು. ಮಗ ಕಟ್ಟಿದ್ದನ್ನು ಈವರೆಗೆ ಒಮ್ಮೆಯೂ ನೋಡಲು ಹೋಗದ ರೇವಣ್ಣನವರೂ ಅಂದು ಬಂದಿದ್ದರು. ಒಳಬಾಗಿಲಿನ ಚಿಲಕ ಮಾತ್ರ ಬಾಕಿ ಇತ್ತು. ರೇಣುಕಪ್ರಸಾದ ಅಪ್ಪನ ಅಂಗಡಿಯಿಂದ ಹಿತ್ತಾಳೆಯದ್ದೊಂದನ್ನು ತಂದಿದ್ದ. ಕೆಂಚಯ್ಯ ಅದನ್ನು ಒಳಭಾಗಕ್ಕೆ ಕೂರಿಸಿ, ಎರಡು ಸಲ ಎಳೆದು ನೋಡಿ, ಸ್ಕ್ರೂಡ್ರೈವರು ಜೇಬಿಗೆ ಹಾಕಿಕೊಂಡು ಹೊರಗೆ ಬಂದ.

ಭಾಗಮ್ಮ ಯಾರ ಕಡೆಗೂ ನೋಡದೆ ಒಳಗೆ ಹೋದಳು. ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸದ್ದು ಜಗಲಿಯಲ್ಲಿದ್ದ ಎಲ್ಲರಿಗೂ ಕೇಳಿಸಿತು.

ಯಶೋದಾ ಕಾಫಿ ಮಾಡಿ ಲೋಟಗಳಿಗೆ ಬಗ್ಗಿಸಿದಳು. ಐದು ನಿಮಿಷವಾಯಿತು, ಹತ್ತಾಯಿತು. ಬಾಗಿಲು ತೆಗೆಯಲಿಲ್ಲ. ರೇಣುಕಪ್ರಸಾದನಿಗೆ ಗಾಬರಿ ಶುರುವಾಯಿತು. ಹೋಂಸ್ಟೇಯ ಶೌಚಾಲಯ ಅವನ ಕಣ್ಣ ಮುಂದೆ ಬಂತು. ಈ ಬಾಗಿಲೂ ಸಿಕ್ಕಿಹಾಕಿಕೊಂಡಿತೇನೋ ಎಂದು ತಟ್ಟಲು ಎದ್ದ.

“ಬೇಡ ಸಾರ್,” ಅಂದಳು ಯಶೋದಾ.

“ಎಂತ ಮಾಡ್ತಿದಾರೆ ಒಳಗೆ?”

“ಏನಿಲ್ಲ ಸಾರ್. ಒಬ್ಳೇ ಇದಾಳೆ.” ಯಶೋದಾ ಲೋಟ ಅವನ ಕೈಗೆ ಕೊಟ್ಟಳು. “ಆ ಏಳನೇ ನಂಬರಲ್ಲಿ ನಾವು ಏಳು ಜನ ಇದ್ವಿ. ಸೀರೆ ಬದಲಾಯಿಸ್ಬೇಕಾದ್ರೆ ದೀಪ ಆರಿಸ್ತಿದ್ಲು. ಅಪ್ಪ ಹೋದಾಗ ಅಳಕ್ಕೂ ಜಾಗ ಇರ್ಲಿಲ್ಲ ಅವಳಿಗೆ. ಮನೆ ತುಂಬ ಜನ. ಕುಯ್ಲಿಗೆ ಹೋಗಿ ಕಾಫಿ ಗಿಡದ ಮಧ್ಯೆ ಕೂತು ಅತ್ತು ಬಂದಿದ್ಲು.”

ರೇಣುಕಪ್ರಸಾದ ಮತ್ತೆ ಕೂತ. ಜಾಗದ ಬಗ್ಗೆ ತಾನು ಆಡಿದ ಒಂದೊಂದು ಮಾತೂ ನೆನಪಾಗಿ ಮೈ ಹಿಡಿಯಾಯಿತು. ನೋಟ್‌ಬುಕ್ಕು ತೆಗೆದು, ಅಡಿಗೆರೆ ಎಳೆದಿದ್ದ ಆ ಸಾಲನ್ನು ಹೊಡೆದುಹಾಕಿ, ಅದರ ಕೆಳಗೆ ಭಾಗಮ್ಮ ಅಂದು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದ: ‘ಚಿಲಕ ಒಳಗಿಂದ. ಒಳಗಿಂದ.’

ರೇವಣ್ಣನವರು ಬಗ್ಗಿ ನೋಡಿ ಓದಿಕೊಂಡರು. ಆ ಪುಟದ ಮೂಲೆಯನ್ನು ಮಡಿಚಿದರು. ಭಾಗಮ್ಮನ ಪಾಲಿನ ಕಾಫಿ ಜಗಲಿಯ ಮೇಲೆ ಆರುತ್ತಿತ್ತು. ಯಾರೂ ಬಾಗಿಲು ತಟ್ಟಲಿಲ್ಲ.